ಮಾಹಿಮ್ ಚರ್ಚ್ 1534ರದ್ದಾ, 1973ರದ್ದಾ?

ನಿಮ್ಮ ಪ್ರಶ್ನೆ ಇಷ್ಟು: ಮುಂಬೈ ಮಾಹಿಮ್‌ನ ಸೇಂಟ್ ಮೈಕಲ್ ಚರ್ಚ್ 1534ರದ್ದು ಅಂತ ಎಲ್ಲಾ ಕಡೆ ಬರ್ದಿರ್ತಾರೆ, ಹೋಗಿ ನೋಡಿದ್ರೆ ಸಿಮೆಂಟ್ ಕಟ್ಟಡ, ಹಾಗಾದ್ರೆ ಹಳೇದು ಯಾವುದು? ಮತ್ತೆ ಬುಧವಾರ ಅಷ್ಟೊಂದು ಜನ ಸೇರ್ತಾರಲ್ಲ, ಅವ್ರೆಲ್ಲ ಕ್ರಿಶ್ಚಿಯನ್ನರಾ?

ನಾನು ಕ್ರಿಶ್ಚಿಯನ್ ಅಲ್ಲ, ಮೂಲ ಕುಂದಾಪುರ ಕಡೆ, ಬೆಳೆದಿದ್ದೆಲ್ಲ ಮಾಹಿಮ್‌ನಲ್ಲೇ. ನಮ್ಮ ಚಾಳಲ್ಲಿ ಅರ್ಧ ಜನ ಮಂಗಳೂರು, ಗೋವಾ ಕಡೆಯವ್ರು, ಹಾಗಾಗಿ ಇಗರ್ಜಿ (ಚರ್ಚ್) ಸುದ್ದಿ ಊಟದ ಜೊತೆಗೇ ಕೇಳ್ಕೊಂಡು ಬಂದಿದ್ದು, ಆಮೇಲೆ ಕುತೂಹಲಕ್ಕೆ ಒಂದಿಷ್ಟು ಓದಿದ್ದೂ ಇದೆ.

ಮೊದ್ಲು ಕಟ್ಟಡದ ವಿಷ್ಯ ಮುಗಿಸಿಬಿಡ್ತೀನಿ, ಅದ್ರಲ್ಲಿ ಹೇಳೋಕೆ ಜಾಸ್ತಿ ಏನಿಲ್ಲ. ಈಗ ನೀವು ನೋಡ್ತಿರೋದು 1973ರದ್ದು. ಜನ ಹೆಚ್ಚಾದ್ರು, ಹಳೇದ್ರಲ್ಲಿ ಜಾಗ ಸಾಲ್ಲಿಲ್ಲ, ಕೆಡವಿ ಕಟ್ಟಿದ್ರು. ದಾದರ್‌ನ ಪೋರ್ಚುಗೀಸ್ ಚರ್ಚೂ ಅಷ್ಟೇ, ಮೂಲ 1596ರದ್ದು ಅಂತಾರೆ, ಈಗ ಇರೋದು ಎಪ್ಪತ್ತರ ದಶಕದಲ್ಲಿ ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ಡಿಸೈನ್ ಮಾಡಿದ್ದು. ಮುಂಬೈಯಲ್ಲಿ ಜನ ಬಳಸ್ತಾ ಇರೋ ಕಟ್ಟಡ ಹಳೇದಾಗೇ ಉಳಿಯೋದು ಕಷ್ಟ ಬಿಡಿ.

ಇನ್ನು 1534. ಗುಜರಾತಿನ ಸುಲ್ತಾನ ಬಹಾದುರ್ ಶಾ ವಸಾಯಿ ಮತ್ತೆ ಮುಂಬೈಯ ಈ ದ್ವೀಪಗಳನ್ನೆಲ್ಲ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ ಒಪ್ಪಂದ ಆಗಿದ್ದೇ 1534ರ ಡಿಸೆಂಬರ್‌ನಲ್ಲಿ. ಅದೇ ವರ್ಷ ಇಲ್ಲಿ ಚರ್ಚೂ ಎದ್ದು ನಿಂತಿತು ಅಂದ್ರೆ ನಂಗೆ ಅಷ್ಟು ನಂಬಿಕೆ ಬರಲ್ಲ. ಆಂತೋನಿಯೊ ಡೊ ಪೋರ್ತೊ ಅನ್ನೋ ಫ್ರಾನ್ಸಿಸ್ಕನ್ ಸನ್ಯಾಸಿ ಪಂಗಡದ ಪಾದ್ರಿ ಹೆಸರು ಹೇಳ್ತಾರೆ, ಇರಬಹುದು. ಹದಿನಾರನೇ ಶತಮಾನದ್ದು ಅಂತ ಇಟ್ಕೊಳ್ಳಿ, ಅಷ್ಟು ಸಾಕು.

ನಿಜವಾದ ಮಜಾ ಇರೋದು ಈ ಚರ್ಚು ಯಾರದ್ದು ಅನ್ನೋ ಜಗಳದಲ್ಲಿ, ಅದನ್ನ ಜಾಸ್ತಿ ಜನ ಹೇಳಲ್ಲ. 1661ರಲ್ಲಿ ಪೋರ್ಚುಗಲ್ ರಾಜಕುಮಾರಿ ಕ್ಯಾಥರೀನ್ ಮತ್ತೆ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಮದುವೆ ಒಪ್ಪಂದದಲ್ಲಿ ಬಾಂಬೆ ಇಂಗ್ಲಿಷರಿಗೆ ಹೋಯ್ತಲ್ಲ, 1665ಕ್ಕೆ ಅವ್ರ ಕೈಗೆ ಬಂತು. ಊರಿನ ಯಜಮಾನರು ಪ್ರಾಟೆಸ್ಟೆಂಟರು, ಆದ್ರೆ ಚರ್ಚಲ್ಲಿರೋ ಫ್ರಾನ್ಸಿಸ್ಕನ್ ಪಾದ್ರಿಗಳು ಗೋವಾದ ಆರ್ಚ್‌ಬಿಷಪ್ ಮಾತು ಕೇಳೋರು, ಅಂದ್ರೆ ಕೊನೆಗೆ ಪೋರ್ಚುಗಲ್ ರಾಜನ ಕಡೆಯವ್ರು. ಈಸ್ಟ್ ಇಂಡಿಯಾ ಕಂಪನಿಯವ್ರಿಗೆ ಇದು ತಲೆನೋವು, ಇವ್ರ ನಿಷ್ಠೆ ಯಾರಿಗೆ ಅಂತ ಅನುಮಾನ. 1720ರಲ್ಲಿ ಆ ಫ್ರಾನ್ಸಿಸ್ಕನ್ನರನ್ನ ಊರು ಬಿಡಿಸಿ, ಸೀದಾ ರೋಮ್‌ನಿಂದ ನೇಮಕ ಆಗೋ ಕಾರ್ಮೆಲೈಟ್ ಅನ್ನೋ ಇನ್ನೊಂದು ಪಂಗಡದ ಪಾದ್ರಿಗಳ ಕೈಗೆ ಚರ್ಚುಗಳನ್ನ ಕೊಟ್ಟುಬಿಟ್ರು. ಅಲ್ಲಿಂದ ಶುರು ನೋಡಿ. ಪೋರ್ಚುಗಲ್ ರಾಜನ ಹಕ್ಕು ಅನ್ನೋರು ಪದ್ರೊವಾದೊ ಪಾರ್ಟಿ, ರೋಮ್ ನೇರವಾಗಿ ನೋಡ್ಕೊಳ್ಳಲಿ ಅನ್ನೋರು ಪ್ರೊಪಗಾಂಡ ಪಾರ್ಟಿ. ದೇವರು ಒಬ್ಬನೇ, ಪೂಜೆ ಒಂದೇ, ಪೋಪ್ ಒಬ್ಬನೇ, ಜಗಳ ಮಾತ್ರ ಪಾದ್ರಿಯನ್ನ ಯಾರು ಕಳಿಸಬೇಕು ಅಂತ! 1794ರಲ್ಲಿ ಅಣ್ಣತಮ್ಮಂದಿರು ಮನೆ ಪಾಲು ಮಾಡ್ಕೊಂಡ ಹಾಗೆ ಬಾಂಬೆಯ ಚರ್ಚುಗಳನ್ನ ಎರಡು ಪಾರ್ಟಿಗೂ ಹಂಚಿದ್ರು. ನಮ್ಮ ಮಂಗಳೂರಲ್ಲೂ ಇದೇ ಗಲಾಟೆ ನಡೆದಿತ್ತು, ಅಲ್ಲಿಯ ಹಳೇ ಕೊಂಕಣಿ ಮನೆತನದವ್ರನ್ನ ಕೇಳಿ ನೋಡಿ.

ಪಾಲಾದ ಮೇಲೂ ತಣ್ಣಗಾಗ್ಲಿಲ್ಲ. 1853ರಲ್ಲಿ ಮಾಹಿಮ್ ಚರ್ಚು ಗೋವಾ ಕಡೆಗೆ, ಅಂದ್ರೆ ಪದ್ರೊವಾದೊ ಪಾರ್ಟಿಗೆ ಹೋಗಬೇಕು ಅಂತ ಒಂದು ಗುಂಪು ಎದ್ದಿತು. ಆಗ ಇಲ್ಲಿ ರೋಮ್ ಕಡೆಯ ಬಿಷಪ್ ಅನಸ್ತಾಸಿಯಸ್ ಹಾರ್ಟ್‌ಮನ್, ಸ್ವಿಟ್ಜರ್ಲೆಂಡ್‌ನ ಕಪುಚಿನ್ ಸನ್ಯಾಸಿ, ಈಗಲೂ ಬರೋ 'ಎಕ್ಸಾಮಿನರ್' ಪತ್ರಿಕೆ 1850ರಲ್ಲಿ ಶುರುವಾಗಿದ್ದೂ ಅವ್ರ ಕಾಲದಲ್ಲೇ. ಆ ಮನುಷ್ಯ ಏನ್ ಮಾಡಿದ್ರು ಗೊತ್ತಾ, ಸೀದಾ ಚರ್ಚೊಳಗೆ ಹೋಗಿ ಕೂತುಬಿಟ್ರು, ಪ್ರಾಣ ಹೋದ್ರೂ ಬಿಟ್ಟುಕೊಡಲ್ಲ ಅಂತ. ಹೊರಗಡೆ ಇನ್ನೊಂದು ಪಾರ್ಟಿಯವ್ರು ಮುತ್ತಿಗೆ ಹಾಕಿದ್ರು, ಒಳಗೆ ಊಟ ತಿಂಡಿ ಹೋಗದ ಹಾಗೆ ತಡೆದ್ರು. ಹದಿನೈದು ದಿನ ಹೀಗೇ. ಕೊನೆಗೆ ಸರ್ಕಾರದವ್ರು ಬಂದು ಬಾಗಿಲು ತೆಗೆಸಿ ಪದ್ರೊವಾದೊ ಕಡೆಯವ್ರಿಗೆ ಕೊಡಿಸಿದ್ರು. ಅಂದ್ರೆ ಕ್ಯಾಥೊಲಿಕ್ ಬಿಷಪ್‌ನ ಕ್ಯಾಥೊಲಿಕರೇ ಚರ್ಚಲ್ಲಿ ಕೂಡಿಹಾಕಿ, ಪ್ರಾಟೆಸ್ಟೆಂಟ್ ಸರ್ಕಾರ ಪಂಚಾಯ್ತಿ ಮಾಡಿದ್ದು. ಈಗ ಅದೇ ಗೇಟಿನ ಹೊರಗೆ ಕ್ಯಾಂಡಲ್ ಮಾರ್ತಾರೆ.

ಆಮೇಲೆ 1886ರಲ್ಲಿ ರೋಮ್ ಮತ್ತೆ ಪೋರ್ಚುಗಲ್ ಒಪ್ಪಂದ ಮಾಡ್ಕೊಂಡು ಪದ್ರೊವಾದೊ ಚರ್ಚುಗಳು ದಮನ್ ಬಿಷಪ್ ಕೆಳಗೆ ಬಂದವು, 1928ರಲ್ಲಿ ಎರಡೂ ಸೇರಿ ಒಬ್ಬ ಆರ್ಚ್‌ಬಿಷಪ್ ಕೆಳಗಿನ ಒಂದೇ ಆರ್ಚ್‌ಡಯಾಸಿಸ್ ಆಯ್ತು, ಆದ್ರೆ ಒಂದು ಸಲ ಪೋರ್ಚುಗೀಸ್ ಆರ್ಚ್‌ಬಿಷಪ್, ಮುಂದಿನ ಸಲ ಬ್ರಿಟಿಷ್ ಆರ್ಚ್‌ಬಿಷಪ್ ಅಂತ ಕರಾರು! ಸ್ವಾತಂತ್ರ್ಯ ಬಂದ್ಮೇಲೆ ಅದಕ್ಕೂ ಅರ್ಥ ಉಳಿಯಲಿಲ್ಲ, 1950ರಲ್ಲಿ ವಲೇರಿಯನ್ ಗ್ರೇಶಿಯಸ್ ಬಾಂಬೆಯ ಮೊದಲ ಭಾರತೀಯ ಆರ್ಚ್‌ಬಿಷಪ್ ಆದ್ರು.

ಮಧ್ಯೆ ಒಂದು ಕಥೆ ಬಿಟ್ಟುಹೋಯ್ತು. 1739ರಲ್ಲಿ ಚಿಮಾಜಿ ಅಪ್ಪನ ಮರಾಠಾ ಸೈನ್ಯ ವಸಾಯಿ ಗೆದ್ದಾಗ ಬಾಂದ್ರಾ ಗುಡ್ಡದ ಮೇಲಿನ ಮೌಂಟ್ ಮೇರಿ ಮೂರ್ತಿಯನ್ನ ಇಲ್ಲಿ ತಂದು ಇಟ್ಟಿದ್ರು, ವಾಪಸ್ ಹೋಗಿದ್ದು 1761ಕ್ಕೆ. ಆಗ ಮಾಹಿಮ್-ಬಾಂದ್ರಾ ಮಧ್ಯೆ ನೀರು ದಾಟೋ ಕಾಸ್‌ವೇ ರಸ್ತೆ ಇರ್ಲಿಲ್ಲ, ಅದು ಲೇಡಿ ಜಮ್ಶೆಟ್‌ಜಿ ದುಡ್ಡು ಕೊಟ್ಟು 1840ರ ದಶಕದಲ್ಲಿ ಆಗಿದ್ದು, ಚರ್ಚ್ ಮುಂದಿನ ಎಲ್.ಜೆ. ರೋಡ್ ಹೆಸ್ರು ಅವ್ರದ್ದೇ. ಹಾಗಾಗಿ ಮೂರ್ತಿ ಖಾಡಿ (ಹಿನ್ನೀರು) ದಾಟಿದ್ದು ದೋಣಿಯಲ್ಲೇ ಇರಬೇಕು.

ಈಗ ಬುಧವಾರದ ಜನ. ಇದಕ್ಕೂ 1534ಕ್ಕೂ ಏನೂ ಸಂಬಂಧ ಇಲ್ಲ. ಇಲ್ಲಿನ ಒಬ್ರು ಫಾದರ್ ಬೆಲ್‌ಫಾಸ್ಟ್‌ಗೆ ಹೋದಾಗ ಅಲ್ಲಿ ನಡೀತಿದ್ದ ನಿತ್ಯ ಸಹಾಯ ಮಾತೆಯ (ಮೇರಿಯಮ್ಮನ) ನೊವೇನಾ, ಅಂದ್ರೆ ಒಂಬತ್ತು ಸಲ ಮಾಡೋ ಹರಕೆ ಪ್ರಾರ್ಥನೆ, ನೋಡ್ಕೊಂಡು ಬಂದು 1948ರ ಸೆಪ್ಟೆಂಬರ್ 8ಕ್ಕೆ ಇಲ್ಲೂ ಶುರು ಮಾಡಿದ್ರು, ಅವತ್ತು ಮೇರಿಯಮ್ಮನ ಹುಟ್ಟುಹಬ್ಬ, ವಾರ ಬುಧವಾರ. ಒಂಬತ್ತು ಬುಧವಾರ ಬಿಡದೆ ಹೋದ್ರೆ ಹರಕೆ ಫಲಿಸುತ್ತೆ ಅಂತ ನಂಬಿಕೆ. ಹೊರಗಿನ ಅಂಗಡಿಗಳಲ್ಲಿ ಮೇಣದ ಕೈ, ಕಾಲು, ಮಗು, ಮನೆ, ಕಾರು ಎಲ್ಲಾ ಸಿಗುತ್ತೆ, ಮೊಣಕಾಲು ನೋವಿದ್ದೋರು ಮೇಣದ ಕಾಲು ತಗೋತಾರೆ, ಫ್ಲಾಟ್ ಬೇಕಾದೋರು ಮೇಣದ ಮನೆ. ನಮ್ಮಮ್ಮ ನಂಗೆ ಕೆಲ್ಸ ಸಿಗಲಿ ಅಂತ ಪಕ್ಕದ ಮನೆ ಬಾಯಮ್ಮನ ಜೊತೆ ಹೋಗ್ತಿದ್ರು, ಬೆಳಿಗ್ಗೆ ಶೀತಲಾದೇವಿ ಗುಡಿ, ಸಂಜೆ ನೊವೇನಾ. ಕೆಲ್ಸ ಸಿಕ್ಕಿದ್ಮೇಲೆ ಕ್ರೆಡಿಟ್ ಯಾರಿಗೆ ಅಂತ ಅವ್ರಿಬ್ರೂ ಇನ್ನೂ ವಾದ ಮಾಡ್ತಾರೆ. ಹಿಂದೂ, ಮುಸ್ಲಿಂ, ಪಾರ್ಸಿ ಎಲ್ರೂ ಬರ್ತಾರೆ, ಯಾರೂ ನಿಮ್ಮ ಜಾತಿ ಕೇಳಲ್ಲ.

ಆದ್ರೆ ಬುಧವಾರದ ಜನ ಬೇರೆ, ಚರ್ಚಿನ ಒಕ್ಕಲು, ಅಂದ್ರೆ ಈ ಚರ್ಚಿಗೇ ಸೇರಿದ ಕ್ರಿಶ್ಚಿಯನ್ನರು, ಬೇರೆ. ಒಕ್ಕಲಿನವ್ರನ್ನ ನೋಡ್ಬೇಕು ಅಂದ್ರೆ ಭಾನುವಾರ ಹೋಗಿ. ಅಲ್ಲಿ ಮೂಲದವ್ರು ಈಸ್ಟ್ ಇಂಡಿಯನ್ನರು, ಮರಾಠಿ ಮಾತಾಡೋ ಇದೇ ಮಣ್ಣಿನ ಜನ. ಈಸ್ಟ್ ಇಂಡಿಯನ್ ಅನ್ನೋ ಹೆಸ್ರು ಅವ್ರು 1887ರಲ್ಲಿ ವಿಕ್ಟೋರಿಯಾ ರಾಣಿಯ ಜ್ಯುಬಿಲಿ ಹೊತ್ತಲ್ಲಿ ಇಟ್ಕೊಂಡಿದ್ದು, ಕೆಲ್ಸಕ್ಕೆ ಅಂತ ಬರ್ತಿದ್ದ ಗೋವಾ, ಮಂಗಳೂರಿನವ್ರಿಂದ ಬೇರೆ ಅಂತ ತೋರಿಸೋಕೆ. ಆ ಮುನಿಸು ಪೂರ್ತಿ ಹೋಗಿಲ್ಲ, ನಮ್ಮ ಬಾಯಮ್ಮ ಈಗಲೂ ಚರ್ಚ್ ಹಬ್ಬದ ಫೀಸ್ಟ್ ಕಮಿಟಿ ವಿಷ್ಯ ಬಂದ್ರೆ ದನಿ ಏರಿಸ್ತಾರೆ.

ಹಳೇ ಪೋರ್ಚುಗೀಸ್ ಕಾಲದ ಗೋಡೆನೇ ನೋಡ್ಬೇಕು ಅಂದ್ರೆ ಕಾಸ್‌ವೇ ದಾಟಿ ಬಾಂದ್ರಾದ ಸೇಂಟ್ ಆಂಡ್ರ್ಯೂಸ್‌ಗೆ ಹೋಗಿ, ಅದು 1575ರದ್ದು. ಬುಧವಾರ ಮಾತ್ರ ಟ್ಯಾಕ್ಸಿ ಹತ್ತಬೇಡಿ, ಸಂಜೆ ಎಲ್.ಜೆ. ರೋಡ್ ಜಾಮ್ ಆಗಿರುತ್ತೆ, ಮಾಹಿಮ್ ಸ್ಟೇಷನ್‌ನಲ್ಲಿ ಇಳಿದು ನಡ್ಕೊಂಡೇ ಹೋಗಿ.