ಓಪನ್‌ಎಲ್‌ಆರ್ ಕಲಿಯೋಕೆ ಏನು ಓದಬೇಕು, ಎಲ್ಲಿಂದ ಶುರು ಮಾಡಬೇಕು?

ಟ್ರಾಫಿಕ್ ಫೀಡ್‌ನಲ್ಲಿ ಬರುವ ಓಪನ್‌ಎಲ್‌ಆರ್ ಕೋಡನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ರಸ್ತೆಯಾಗಿ ತೋರಿಸಬೇಕು, ಅದಕ್ಕೆ ಏನು ಓದಲಿ ಅಂತ ಕೇಳಿದ್ದೀರಿ. ನನ್ನ ಕೆಲಸವೂ ಇದೇ. ರಸ್ತೆಯ ಒಂದು ತುಣುಕು ಎಲ್ಲಿದೆ ಅನ್ನುವುದನ್ನು, ಬೇರೆ ನಕ್ಷೆಯಲ್ಲೂ ಗುರುತಿಸುವಂತೆ, ಚಿಕ್ಕ ಕೋಡಾಗಿ ಬರೆಯುವ ವಿಧಾನವೇ ಓಪನ್‌ಎಲ್‌ಆರ್. ಅದರ ವೈಟ್‌ಪೇಪರ್ (ತಾಂತ್ರಿಕ ವಿವರಣೆಯ ದಾಖಲೆ) ಓದಿ, ಆದರೆ ಮೊದಲ ಪುಟದಿಂದ ಸಾಲಾಗಿ ಓದಬೇಡಿ, ಅರ್ಧಕ್ಕೇ ಬಿಟ್ಟುಬಿಡುತ್ತೀರಿ.

ನ್ಯಾವಿಗೇಶನ್ ಕಂಪನಿ ಟಾಮ್‌ಟಾಮ್ 2009ರಲ್ಲಿ ಓಪನ್‌ಎಲ್‌ಆರ್ ಅನ್ನು ಹೊರತಂದಿತು. ಆ ವೈಟ್‌ಪೇಪರೇ ಇವತ್ತಿಗೂ ಮೂಲ, ದುಡ್ಡು ಕೊಡದೆ ಸಿಗುತ್ತದೆ. ಮೊದಲು ಎಲ್‌ಆರ್‌ಪಿ (ಲೊಕೇಶನ್ ರೆಫರೆನ್ಸ್ ಪಾಯಿಂಟ್) ಬಗ್ಗೆ ಇರುವ ಭಾಗ ಓದಿ. ರಸ್ತೆಯ ಮೇಲಿನ ಗುರುತಿನ ಬಿಂದು ಅದು. ಬರೀ ಅಕ್ಷಾಂಶ ರೇಖಾಂಶ ಕೊಟ್ಟರೆ ಸಾಲದಾ ಅನ್ನಿಸಬಹುದು. ಸಾಲದು. ಹೆದ್ದಾರಿ, ಅದರ ಪಕ್ಕದ ಸರ್ವಿಸ್ ರಸ್ತೆ ಎರಡೂ ಕೆಲವೇ ಮೀಟರ್ ಅಂತರದಲ್ಲಿರುತ್ತವೆ, ಅಲ್ವಾ? ಅದಕ್ಕೇ ರಸ್ತೆಯ ದರ್ಜೆ (ಎಫ್‌ಆರ್‌ಸಿ, ಅತಿ ಮುಖ್ಯ ರಸ್ತೆಗೆ 0, ಅತಿ ಸಣ್ಣದಕ್ಕೆ 7), ರಸ್ತೆಯ ಬಗೆ, ಹೊರಡುವ ದಿಕ್ಕು, ಮುಂದಿನ ಬಿಂದುವಿಗೆ ಇರುವ ದೂರ ಎಲ್ಲವೂ ಜೊತೆಗೆ ಬರುತ್ತವೆ.

ಆಮೇಲೆ ಒಂದು ಕೋಡನ್ನು ಕೈಯಿಂದಲೇ ಬಿಡಿಸಿ. ಇದನ್ನು ಮಾತ್ರ ತಪ್ಪಿಸಬೇಡಿ. ರಸ್ತೆ ತುಣುಕಿನ ಬೇಸ್64 (ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ ರೀತಿ) ಕೋಡ್ ಸಾಮಾನ್ಯವಾಗಿ ದೊಡ್ಡ 'ಸಿ' ಅಕ್ಷರದಿಂದ ಶುರುವಾಗುತ್ತದೆ. ಮೊದಲ ಬೈಟ್‌ನ ಬೆಲೆ 11 ಇರುವುದೇ ಕಾರಣ: 8 ಅಂದರೆ ಗುಣಲಕ್ಷಣಗಳಿವೆ, 3 ಅಂದರೆ ಆವೃತ್ತಿ. ಮುಂದಿನ 3 ಬೈಟ್ ರೇಖಾಂಶ, ನಂತರದ 3 ಅಕ್ಷಾಂಶ. ಆ ಸಂಖ್ಯೆಯನ್ನು 360ರಿಂದ ಗುಣಿಸಿ 2ರ 24ನೇ ಘಾತದಿಂದ ಭಾಗಿಸಿದರೆ ಹೆಚ್ಚುಕಮ್ಮಿ ಡಿಗ್ರಿ ಸಿಗುತ್ತದೆ. ಎರಡೇ ಬಿಂದು ಇದ್ದು ಆಫ್‌ಸೆಟ್ (ದಾರಿಯ ತುದಿಯಲ್ಲಿ ಕತ್ತರಿಸಬೇಕಾದ ದೂರ) ಇಲ್ಲದಿದ್ದರೆ ಇಡೀ ಕೋಡ್ 16 ಬೈಟ್, ಅಷ್ಟೇ. ದಿಕ್ಕನ್ನು 32 ಭಾಗ ಮಾಡಿರುವುದರಿಂದ ಒಂದೊಂದು 11.25 ಡಿಗ್ರಿ. ಕೊನೆಯ ಬಿಂದುವಿನ ದಿಕ್ಕನ್ನು ಮಾತ್ರ ಹಿಂದಕ್ಕೆ ನೋಡಿ ಅಳೆಯುತ್ತಾರೆ. ವೈಟ್‌ಪೇಪರಿನಲ್ಲಿ ಇದು ಸ್ಪಷ್ಟವಾಗಿಯೇ ಇದೆ, ಆದರೂ ಕಣ್ತಪ್ಪುವುದು ಸುಲಭ.

ಕೋಡ್ ಬೇಕೆಂದರೆ ಗಿಟ್‌ಹಬ್‌ನಲ್ಲಿ ಟಾಮ್‌ಟಾಮ್‌ನ ಜಾವಾ ಆವೃತ್ತಿ ಇದೆ. ಪೂರ್ಣವಾಗಿದೆ, ಆದರೆ ಕಲಿಯುವವರಿಗೆ ಭಾರ. ಪೈಥಾನ್ ಗೊತ್ತಿದ್ದರೆ 'ಓಪನ್‌ಎಲ್‌ಆರ್ ಡಿರೆಫರೆನ್ಸರ್' ಅನ್ನುವ ಡಿಕೋಡರ್ (ಕೋಡನ್ನು ಮತ್ತೆ ರಸ್ತೆಯಾಗಿಸುವ ಪ್ರೋಗ್ರಾಂ) ತೆರೆಯಿರಿ. ಸಣ್ಣದು, ಜೊತೆಗೆ ಎಸ್‌ಕ್ಯೂಲೈಟ್ ನಕ್ಷೆಯ ಮಾದರಿಯೂ ಇದೆ. ಪ್ರತಿ ಬಿಂದುವಿನ ಸುತ್ತ ಯಾವ ರಸ್ತೆಗಳನ್ನು ಹುಡುಕುತ್ತದೆ, ಹೇಗೆ ಅಂಕ ಕೊಡುತ್ತದೆ, ಅವುಗಳ ನಡುವೆ ಹತ್ತಿರದ ದಾರಿ ಹೇಗೆ ಕಟ್ಟುತ್ತದೆ ಅಂತ ಅಲ್ಲೇ ನೋಡಬಹುದು.

ಇಷ್ಟರ ನಂತರ ನಿಮಗೆ ನಿಜವಾಗಿ ತಲೆನೋವಾಗುವುದು ನಕ್ಷೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಎಫ್‌ಆರ್‌ಸಿ ಅನ್ನುವುದೇ ಇಲ್ಲ. ಮೋಟರ್‌ವೇಗೆ 0, ಟ್ರಂಕ್‌ಗೆ 1 ಹೀಗೆ ನೀವೇ ಕೋಷ್ಟಕ ಮಾಡಿಕೊಳ್ಳಬೇಕು, ರಸ್ತೆಗಳನ್ನು ಕೂಡುರಸ್ತೆಗಳಲ್ಲಿ ತುಂಡು ಮಾಡಬೇಕು. ಫೀಡ್ ಕೊಟ್ಟವರ ನಕ್ಷೆಯಲ್ಲಿ 3 ಇದ್ದದ್ದು ನಿಮ್ಮಲ್ಲಿ 5 ಆದರೆ ಡಿಕೋಡರ್ ಸುಮ್ನೆ ಕೈ ಚೆಲ್ಲಬಹುದು. ವಿಫಲವಾದ ಕೋಡ್‌ಗಳ ಬಿಂದುಗಳನ್ನು ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ಹಾಕಿ ನೋಡುವುದರಿಂದ ನಾನು ಕಲಿತಷ್ಟು ಬೇರೆ ಯಾವುದರಿಂದಲೂ ಕಲಿತಿಲ್ಲ.

ಎನ್‌ಕೋಡರ್, ಪ್ರದೇಶಗಳ ಕೋಡ್, ಟಿಪೆಗ್ (ಟ್ರಾಫಿಕ್ ಮಾಹಿತಿ ಕಳಿಸುವ ಮಾನದಂಡ) ಇವನ್ನೆಲ್ಲ ಸದ್ಯಕ್ಕೆ ಬಿಡಿ. ನಿಮ್ಮ ಕೆಲಸಕ್ಕೆ ಡಿಕೋಡಿಂಗ್ ಸಾಕು.