ದಲಾಲಿಗಿಲ್ಲದ ಮರ್ಯಾದೆ ಬ್ರೋಕರ್‌ಗೆ ಯಾಕೆ?

ಜೇವರ್ಗಿಯ ಓದುಗರೊಬ್ಬರ ಪತ್ರ: "ನಮ್ಮಪ್ಪ ಕಲಬುರಗಿ ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ದಲಾಲಿ ಮಾಡುತ್ತಿದ್ದರು. ನನ್ನ ಮಗ ಬೆಂಗಳೂರಿನಲ್ಲಿ ಷೇರು ಬ್ರೋಕರ್. ಬೀಗರ ಮುಂದೆ ಅಪ್ಪ ದಲಾಲ್ ಅಂತ ಹೇಳಬೇಡಿ ಎನ್ನುತ್ತಾರೆ ಮನೆಯವರು. ಬ್ರೋಕರ್ ಅಂದರೆ ಅಷ್ಟು ದೊಡ್ಡ ಮಾತಾ? ಅದರ ಮೂಲ ಏನು?"

ಒಳ್ಳೆ ಪ್ರಶ್ನೆ ಕೇಳಿದ್ದೀರಿ. ಆದರೆ ಮನೆಯವರು ಹಾಗಂದಾಗ ನೀವು ಸುಮ್ನೆ ಇದ್ದಿರಲ್ಲ, ಅದು ನನಗೆ ಸೇರಲಿಲ್ಲ.

ಬ್ರೋಕರ್ ಇಂಗ್ಲಿಷಿಗೆ ಬಂದದ್ದು 14ನೇ ಶತಮಾನದಲ್ಲಿ, ಇಂಗ್ಲೆಂಡಿನ ಸಾಹೇಬರು ಆಡುತ್ತಿದ್ದ ಫ್ರೆಂಚಿನಿಂದ. ಪೀಪಾಯಿಗೆ ತೂತು ಹೊಡೆದು ವೈನನ್ನು ಚಿಲ್ಲರೆಯಾಗಿ ಮಾರುವವನು ಎಂಬುದು ಅದರ ಮೂಲ ಅರ್ಥ ಎನ್ನುತ್ತವೆ ನಿಘಂಟುಗಳು. ಆಮೇಲೆ ಹಳೆ ಸಾಮಾನು ಮಾರುವವನೂ ಬ್ರೋಕರ್ ಆದ, ಗಿರವಿ ಹಿಡಿಯುವವನೂ ಆದ. ಸೂಟು ಬೂಟು ಬಂದದ್ದು ಎಷ್ಟೋ ಕಾಲದ ಮೇಲೆ.

ಈಗ ನಿಮ್ಮಪ್ಪನ ಮಾತಿಗೆ ಬನ್ನಿ. ದಲಾಲ್ ಅರಬ್ಬಿ ಮಾತು. ದಾರಿ ತೋರಿಸು ಎಂಬ ಅರ್ಥದ ಬೇರಿನಿಂದ ಹುಟ್ಟಿದ್ದು. ಪುರಾವೆ ಎಂಬರ್ಥದ ದಲೀಲ್ ಕೂಡ ಅದೇ ಬೇರಿನದು. ಎಂಥ ಹೆಸರು ನೋಡಿ! ಕೊಳ್ಳುವವನಿಗೆ ಮಾಲು ತೋರಿಸುವವನು, ಮಾರುವವನಿಗೆ ದಾರಿ ತೋರಿಸುವವನು.

ಚಿಕ್ಕವನಿದ್ದಾಗ ನಮ್ಮ ಕಾಕಾನ ಜೊತೆ ದನದ ಸಂತೆಗೆ ಹೋಗಿದ್ದೆ. ದಲಾಲ್ ಹೆಗಲ ಮೇಲಿನ ಟವೆಲ್ ತೆಗೆದು ಕಾಕಾನ ಕೈ ಮೇಲೆ ಹಾಸಿದ. ಒಳಗೆ ಬೆರಳು ಹಿಡಿದು ಬೆಲೆ ಹೇಳಿದ. ಮೂರು ಬೆರಳು, ಬಿಟ್ಟು ಮತ್ತೆ ಎರಡು. ಮುಖದಲ್ಲಿ ಏನೂ ಇಲ್ಲ. ಕಾಕಾ ತಲೆ ಅಲ್ಲಾಡಿಸಿದರು. ದಲಾಲ್ ಆ ಕಡೆಯವನ ಹತ್ತಿರ ಹೋಗಿ ಅದೇ ಟವೆಲ್ ಹಾಸಿದ. ನಾಲ್ಕು ಸಲ ಹೋಗಿ ಬಂದ. ಎತ್ತಿನ ಹಗ್ಗ ಕೈ ಬದಲಾಯಿತು. ಕಾಗದವಿಲ್ಲ, ಸಹಿ ಇಲ್ಲ. ಮಾತು ಮಾತ್ರ.

ರೈತನ ತೊಗರಿಯಲ್ಲಿ ಕಡಿತ ಮಾಡಿಕೊಂಡ ದಲಾಲರಿಲ್ಲವೇ ಅಂದರೆ, ಇದ್ದಾರೆ. ಆ ಸಿಟ್ಟು ನ್ಯಾಯವೇ. ಆದರೆ ಷೇರು ಪೇಟೆಯಲ್ಲಿ ಜನರ ದುಡ್ಡು ಮುಳುಗಿಸಿದವರಿಲ್ಲವೇ? ಅವರಿಂದಾಗಿ ಬ್ರೋಕರ್ ಎಂಬ ಮಾತು ಯಾಕೆ ಕೆಡಲಿಲ್ಲ?

ನನ್ನ ಸಂಕಟ ಇಷ್ಟೇ ಅಲ್ಲ. ನಮ್ಮ ಪೇಟೆಯ ಮಾತುಗಳೆಲ್ಲ ಹೀಗೆ ಕೀಳಾಗುತ್ತಿವೆ. ಅಡತ್ ಅಂಗಡಿಯ ಬೋರ್ಡಿನ ಮೇಲೆ ಕಮಿಷನ್ ಏಜೆಂಟ್ ಬಂದಿದೆ. ಹಮಾಲ ಲೇಬರ್ ಆಗಿದ್ದಾನೆ. ಸಂಚಕಾರ ಅಂದರೆ ಮಕ್ಕಳಿಗೆ ಗೊತ್ತಿಲ್ಲ, ಅಡ್ವಾನ್ಸ್ ಗೊತ್ತು. ಕೂಲಿ ಅದೇ, ಲೆಕ್ಕ ಅದೇ, ಹೆಸರು ಮಾತ್ರ ಬೇರೆ. ವ್ಯಾಪಾರಕ್ಕೆಂದು ಬೀದರಿಗೆ ಬಂದ ಮಹಮೂದ್ ಗವಾನ್‌ಗೆ ಬಹಮನಿ ಸುಲ್ತಾನರು ಕೊಟ್ಟ ಬಿರುದು ಮಲಿಕ್-ಉತ್-ತುಜ್ಜಾರ್, ಅಂದರೆ ವ್ಯಾಪಾರಿಗಳ ದೊರೆ. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಇವತ್ತಿಗೂ ಬೀದರಿನಲ್ಲಿ ನಿಂತಿದೆ. ಅಂಥ ನೆಲದವರು ನಾವು, ಗಂಜಿನ ಮಾತಿಗೆ ನಾಚುತ್ತೇವೆ ಅಲ್ವಾ?

ಬೀಗರು ಬಂದಾಗ ನಿಮ್ಮಪ್ಪನ ಹೆಸರು ಹೇಳಿ. ಗಂಜಿನಲ್ಲಿ ದಲಾಲ್ ಆಗಿದ್ದರು ಅಂತಲೂ ಹೇಳಿ. ಟವೆಲ್ ಇದ್ದರೆ ತೋರಿಸಿ.

— ಸಂಪಾದಕ