ಪ್ರೇಮದ ಸೋಗು, ಫಿಲಿಪ್ಪೀನ್ಸಿನ ವಾಸ್ತವ

ಪ್ರಶ್ನೆ: ಆನ್‌ಲೈನ್ ವಂಚನೆಯನ್ನು ಕಥಾವಸ್ತುವಾಗಿಸಿಕೊಂಡ ಫಿಲಿಪ್ಪೀನ್ಸಿನ ಕರಾಳ ಹಾಸ್ಯದ ಥ್ರಿಲ್ಲರ್ ಚಿತ್ರವೊಂದನ್ನು ನೋಡಿದೆ. ಅದರಲ್ಲಿ ಬರುವ ಸುಳ್ಳು ಪ್ರೇಮಿಗಳ ಜಾಲ ಅತಿರಂಜಿತವಲ್ಲವೇ?

ಉತ್ತರ: ಅತಿರಂಜಿತವೆಂದು ನನಗೆ ಅನ್ನಿಸುವುದಿಲ್ಲ, ವಾಸ್ತವವೇ ಅದಕ್ಕಿಂತ ಘೋರವಾಗಿದೆ. 2024ರ ಮಾರ್ಚ್‌ನಲ್ಲಿ ಟಾರ್ಲಾಕ್ ಪ್ರಾಂತ್ಯದ ಬಂಬಾನ್ ಪಟ್ಟಣದಲ್ಲಿ, ಪುರಸಭಾ ಭವನದ ಹಿಂದೆಯೇ ಇದ್ದ ಆವರಣವೊಂದರ ಮೇಲೆ ಪೊಲೀಸರು ದಾಳಿ ಮಾಡಿದಾಗ, ಆನ್‌ಲೈನ್ ಜೂಜಿನ ಮರೆಯಲ್ಲಿ ಪ್ರೇಮದ ಸೋಗಿನ ಸಂದೇಶ ಕಳಿಸುವ ಕೆಲಸಕ್ಕೆ ಬಲವಂತವಾಗಿ ದೂಡಲ್ಪಟ್ಟವರೂ ಸೇರಿದಂತೆ ನೂರಾರು ಮಂದಿ ಸಿಕ್ಕರು. ಮೋಸ ಮಾಡುವವನೂ ಸೆರೆಯಾಳಾಗಿರಬಹುದೆಂಬ ಈ ಸತ್ಯವನ್ನು ಮರೆತು ಬರೀ ನಗಿಸುವ ಚಿತ್ರ ಅನ್ಯಾಯ ಮಾಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದೇ ವರ್ಷದ ಜುಲೈನಲ್ಲಿ ಅಧ್ಯಕ್ಷ ಮಾರ್ಕೋಸ್ ಇಂಥ ಜೂಜು ಸಂಸ್ಥೆಗಳ ನಿಷೇಧವನ್ನು ಘೋಷಿಸಿದರು.

ಪ್ರೇಮದ ಹೆಸರಿನ ವಂಚನೆ ಅಲ್ಲಿ ಹೊಸದೂ ಅಲ್ಲ. 2000ದ ಮೇ ತಿಂಗಳಲ್ಲಿ ಮನಿಲಾದಿಂದ ಇಮೇಲ್‌ನಲ್ಲಿ ಹೊರಟ ‘ಐ ಲವ್ ಯೂ’ ಎಂಬ ಕಂಪ್ಯೂಟರ್ ವೈರಸ್, ಕಡತದ ಹೆಸರಿನ ಕೊನೆಯ ಭಾಗವನ್ನು ವಿಂಡೋಸ್ ಮರೆಮಾಡುತ್ತಿದ್ದುದರಿಂದ ಸಾದಾ ಪ್ರೇಮಪತ್ರದಂತೆ ಕಾಣುತ್ತಿತ್ತು. ತೆರೆದೊಡನೆ ವಿಳಾಸಪಟ್ಟಿಯಲ್ಲಿದ್ದ ಎಲ್ಲರಿಗೂ ತಾನೇ ರವಾನೆಯಾಗುತ್ತಿತ್ತು. ಅದನ್ನು ಹರಿಯಬಿಟ್ಟವರನ್ನು ಶಿಕ್ಷಿಸಲು ಆಗ ಅಲ್ಲಿ ಕಾನೂನೇ ಇರದೆ ಮೊಕದ್ದಮೆ ಬಿದ್ದುಹೋಯಿತು. ಸಮಗ್ರ ಸೈಬರ್ ಅಪರಾಧ ಕಾಯ್ದೆ ಬಂದದ್ದು 2012ರಲ್ಲಿ.